ಕ್ಯಾನ್ ಬಸ್ ಲೋಡ್ ಜಾಸ್ತಿಯಾದರೆ ಕರ್ನಲ್ ಪ್ಯಾನಿಕ್ ಆಗುತ್ತಿದೆ. ಚಿಪ್ ಬದಲಿಸಬೇಕಾ, ಕರ್ನಲ್ ಬದಲಿಸಬೇಕಾ?

ಸದ್ಯಕ್ಕೆ ಎರಡೂ ಬೇಡ.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದನ್ನು ಕ್ಯಾನ್ ಬಸ್ಸಿಗೆ (ವಾಹನ, ಯಂತ್ರಗಳ ಭಾಗಗಳು ಒಂದಕ್ಕೊಂದು ಸಂದೇಶ ಕಳಿಸುವ ತಂತಿ ಜಾಲ) ಸೇರಿಸುವ ಎಂಸಿಪಿ2515 ಚಿಪ್, ಆ ಚಿಪ್ಪನ್ನು ನಡೆಸಲು ನೀವೇ ತಿದ್ದಿಕೊಂಡ ಡ್ರೈವರ್. ಲೋಡ್ ಶೇಕಡಾ 70 ದಾಟಿದರೆ ಪ್ಯಾನಿಕ್ (ಲಿನಕ್ಸಿನ ತಿರುಳಾದ ಕರ್ನಲ್ಲೇ ನಿಂತುಹೋಗುವುದು), ಅದಕ್ಕಿಂತ ಕೆಳಗಿದ್ದರೆ ದಿನಗಟ್ಟಲೆ ಏನೂ ಆಗಲ್ಲ. ನಿಮ್ಮ ಪ್ರಶ್ನೆ ಓದುತ್ತಾ ನನಗೆ 2019 ನೆನಪಾಗಿ ಹೊಟ್ಟೆ ಒಂದು ಸಲ ತೊಳಸಿತು.

ಆಗ ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಬ್ಯಾಟರಿ ಪ್ಯಾಕ್ ಪರೀಕ್ಷೆ ಮಾಡುವ ರಿಗ್‌ಗೆ ಗೇಟ್‌ವೇ ಪೆಟ್ಟಿಗೆ ಮಾಡುತ್ತಿದ್ದೆವು. ಒಳಗೆ ಪೈ 3, 4.19 ಕರ್ನಲ್, 500 ಕೆಬಿಪಿಎಸ್ (ಸೆಕೆಂಡಿಗೆ 5 ಲಕ್ಷ ಬಿಟ್) ಕ್ಯಾನ್. ಡ್ರೈವರ್ ತಿದ್ದಿದ್ದು ನಾನೇ. ಪ್ರತಿ ಫ್ರೇಮಿಗೂ, ಅಂದರೆ ಬಸ್ಸಿನಲ್ಲಿ ಬರುವ ಪ್ರತಿ ಸಂದೇಶಕ್ಕೂ, ಒಂದು ಸಣ್ಣ ದಾಖಲೆ ಬರೆದು, ನಮ್ಮ ಲಾಗರ್ ಪ್ರೋಗ್ರಾಮಿಗೆ ಕೊಡುವ ಕೆಲಸ ಸೇರಿಸಿದ್ದೆ. ಪ್ಯಾಕ್‌ಗಳನ್ನೆಲ್ಲ ಒಟ್ಟಿಗೆ ಹಚ್ಚಿದರೆ ಹತ್ತು ನಿಮಿಷದಲ್ಲಿ ಪೆಟ್ಟಿಗೆ ಢಮಾರ್. ಒಂದು ದಿನ ಊಪ್ಸ್ (ಕರ್ನಲ್ ಎಡವಿದಾಗ ಬರೆಯುವ ವರದಿ) ಫೈಲ್ ಸಿಸ್ಟಮ್ ಒಳಗೆ, ಮರುದಿನ ಯುಎಸ್‌ಬಿ ಒಳಗೆ, ಇನ್ನೊಂದು ದಿನ ಸುಮ್ನೆ ಮೆಮೊರಿ ಕೇಳುವ ಜಾಗದಲ್ಲಿ. ನಾನು ಎಸ್‌ಡಿ ಕಾರ್ಡ್ ಬದಲಿಸಿದೆ. ಪವರ್ ಸಪ್ಲೈ ಬದಲಿಸಿದೆ. ಹೀಟ್‌ಸಿಂಕ್ ಅಂಟಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ಆದರೆ ಇದು ಯಾವುದೂ ನನ್ನ ದೊಡ್ಡ ತಪ್ಪಲ್ಲ. ಕಾರ್ಡ್‌ಗೆ ನಾನೂರು ರೂಪಾಯಿ ಹೋಯಿತು, ಅಷ್ಟೇ.

ದೊಡ್ಡ ತಪ್ಪು ಒಂದು ಪ್ರಿಂಟ್‌ಕೆ ಸಾಲು, ಅಂದರೆ ಕರ್ನಲ್ ಒಳಗಿಂದ ಸಂದೇಶ ಬರೆಸುವ ಆದೇಶ.

ಕ್ರ್ಯಾಶ್‌ಗೆ ಮುಂಚೆ ಯಾವ ಫ್ರೇಮ್ ಬರುತ್ತಿದೆ ನೋಡೋಣ ಅಂತ ಚಿಪ್ ಕರೆದಾಗಲೆಲ್ಲ ಓಡುವ ಡ್ರೈವರ್‌ನ ಇಂಟರಪ್ಟ್ ಥ್ರೆಡ್ಡಿನಲ್ಲಿ ಫ್ರೇಮಿಗೊಂದು ಸಾಲು ಪ್ರಿಂಟ್ ಹಾಕಿದೆ. ಕ್ರ್ಯಾಶ್ ನಿಂತುಹೋಯಿತು. ರಾತ್ರಿಯಿಡೀ ಓಡಿಸಿದೆ, ನಿಂತೇ ಇತ್ತು. ವಾರ ಓಡಿಸಿದೆ. ಪ್ರಿಂಟ್ ತೆಗೆದರೆ ಮತ್ತೆ ಕ್ರ್ಯಾಶ್, ಹಾಕಿದರೆ ಇಲ್ಲ. "ಏನೋ ಟೈಮಿಂಗ್ ಸಮಸ್ಯೆ, ಸ್ವಲ್ಪ ತಡ ಬೇಕು ಅದಕ್ಕೆ" ಎಂದು ನನಗೆ ನಾನೇ ಹೇಳಿಕೊಂಡೆ. ಬಾಸ್‌ಗೂ ಹಾಗೇ ಹೇಳಿದೆ. ಡೆಲಿವರಿ ತಾರೀಖು ಹತ್ತಿರ ಬಂದಿತ್ತು. ಆ ಸಾಲನ್ನು ಹಾಗೇ ಬಿಟ್ಟು 30 ಪೆಟ್ಟಿಗೆ ಕಳಿಸಿದೆವು.

ಆ ಸಾಲು ನಿಜವಾಗಿ ಏನು ಮಾಡುತ್ತಿತ್ತು ಅಂತ ಲೆಕ್ಕ ಹಾಕೋಣ. ಆವತ್ತು ಈ ಲೆಕ್ಕ ಹಾಕಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕರ್ನಲ್ ಸಂದೇಶಗಳು ಹೊರಗೆ ಹೋಗುವ ಸೀರಿಯಲ್ ಕನ್ಸೋಲ್ ಸೆಕೆಂಡಿಗೆ 115200 ಬಿಟ್ ವೇಗದಲ್ಲಿತ್ತು. ಒಂದು ಅಕ್ಷರಕ್ಕೆ 10 ಬಿಟ್. 60 ಅಕ್ಷರದ ಸಾಲಿಗೆ 5.2 ಮಿಲಿಸೆಕೆಂಡ್, ಅಷ್ಟು ಹೊತ್ತು ಡ್ರೈವರ್ ಕಾಯುತ್ತಾ ನಿಲ್ಲುತ್ತದೆ. ಕೇಬಲ್ ಚುಚ್ಚಿರದಿದ್ದರೂ ಇಷ್ಟು ಹೊತ್ತು ಹೋಗುತ್ತದೆ. ಆ ಕಡೆ ಕೇಳುವವರು ಇದ್ದಾರಾ ಅಂತ ಕರ್ನಲ್ ನೋಡಲ್ಲ. ಇತ್ತ 500 ಕೆಬಿಪಿಎಸ್ ಬಸ್ಸಿನಲ್ಲಿ 8 ಬೈಟ್ ಡೇಟಾದ ಸಾಧಾರಣ ಫ್ರೇಮ್ ಸುಮಾರು 111 ಬಿಟ್, ಸ್ಟಫಿಂಗ್ (ಹೊಂದಾಣಿಕೆಗೆ ನಡುನಡುವೆ ತುರುಕುವ ಹೆಚ್ಚುವರಿ ಬಿಟ್) ಬಿಟ್ಟು. ಅಂದರೆ 222 ಮೈಕ್ರೋಸೆಕೆಂಡ್. ಬಸ್ ತುಂಬಿದ್ದರೆ ನನ್ನ ಒಂದು ಸಾಲು ಪ್ರಿಂಟ್ ಆಗುವಷ್ಟರಲ್ಲಿ 23 ಫ್ರೇಮ್ ಬಂದು ಹೋಗಿರುತ್ತವೆ. ಎಂಸಿಪಿ2515ರಲ್ಲಿ ಫ್ರೇಮ್ ಇಟ್ಟುಕೊಳ್ಳುವ ಜಾಗ ಎಷ್ಟು? ಎರಡು. ಎರಡೇ ಎರಡು ಬಫರ್. ಉಳಿದ 21 ಮಣ್ಣುಪಾಲು.

ಅಂದರೆ ನಾನು ಕ್ರ್ಯಾಶ್ ಸರಿಮಾಡಿರಲೇ ಇಲ್ಲ. ಶೇಕಡಾ 70 ಲೋಡಿನಲ್ಲಿ ಸೆಕೆಂಡಿಗೆ 3000ಕ್ಕೂ ಹೆಚ್ಚು ಫ್ರೇಮ್ ಬರಬೇಕಾದ ಕಡೆ 200 ಕೂಡ ಒಳಗೆ ಬರದ ಹಾಗೆ ಬಾಗಿಲು ಹಾಕಿದ್ದೆ. ಲೋಡೇ ಇಲ್ಲದ ಮೇಲೆ ಕ್ರ್ಯಾಶ್ ಎಲ್ಲಿಂದ ಬರುತ್ತದೆ? ನಮ್ಮ ಪರದೆಯ ಗ್ರಾಫ್ ಸೆಕೆಂಡಿಗೊಮ್ಮೆ ಬದಲಾಗುತ್ತಿದ್ದರಿಂದ ನಮಗೆ ಏನೂ ಗೊತ್ತಾಗಲಿಲ್ಲ. ಗ್ರಾಹಕರ ಕಡೆಯ ಒಬ್ಬ ಹುಡುಗ ಲಾಗ್ ಫೈಲ್ ತೆರೆದು ನೋಡಿ ಫೋನ್ ಮಾಡಿದ: "ಸರ್, ಸೆಲ್ ವೋಲ್ಟೇಜಿನ ಗೆರೆ ಹಲ್ಲು ಉದುರಿದ ಬಾಯಿ ಇದ್ದ ಹಾಗಿದೆ." ಅವನಿಗೆ ನಾನು ಕೇಬಲ್ ಚೆಕ್ ಮಾಡು ಎಂದೆ. ಈಗಲೂ ನಾಚಿಕೆಯಾಗುತ್ತದೆ.

ಐಪಿ ಕಮಾಂಡಿಗೆ ಡೀಟೇಲ್ಸ್, ಸ್ಟ್ಯಾಟಿಸ್ಟಿಕ್ಸ್ ಎರಡೂ ಆಯ್ಕೆ ಕೊಟ್ಟು ಕ್ಯಾನ್ ಇಂಟರ್‌ಫೇಸ್ ನೋಡಿದ್ದರೆ ಓವರ್‌ರನ್ (ಇಡಲು ಜಾಗವಿಲ್ಲದೆ ಫ್ರೇಮ್ ಕಳೆದದ್ದು) ಎಣಿಕೆ ಓಡುತ್ತಿರುವುದು ಕಾಣುತ್ತಿತ್ತು. ನಾನು ನೋಡಿರಲಿಲ್ಲ. ನೀವು ಇದನ್ನು ಓದಿದ ತಕ್ಷಣ ನೋಡಿ, ಹೊಸ ಐಪಿ ಕಮಾಂಡಾದರೆ ಸ್ಟ್ಯಾಟಿಸ್ಟಿಕ್ಸ್ ಆಯ್ಕೆಯನ್ನು ಎರಡು ಸಲ ಕೊಡಿ. ಆ ಸಂಖ್ಯೆ ಕಳೆದುಹೋದ ಪ್ರತಿ ಫ್ರೇಮಿಗೆ ಒಂದರಂತೆ ಏರುವುದಿಲ್ಲ, ಹಾಗಾಗಿ ಚಿಕ್ಕದಾಗಿ ಕಂಡರೂ ಸಮಾಧಾನ ಪಡಬೇಡಿ.

ಸರಿ, ನಿಜವಾದ ಬಗ್ ಏನು? ಪ್ರತಿ ಫ್ರೇಮಿಗೂ ಕೆಮ್ಯಾಲಕ್ ಮಾಡಿ (ಕರ್ನಲ್ ಹತ್ತಿರ ಮೆಮೊರಿ ಕೇಳಿ ಪಡೆದು) ಒಂದು ದಾಖಲೆ, ಅದನ್ನು ಪಟ್ಟಿಗೆ ಸೇರಿಸಿ ಲಾಗರನ್ನು ಎಬ್ಬಿಸುವುದು. ಎಬ್ಬಿಸಿದ ಮೇಲೆ, "ಈ ಫ್ರೇಮಿಗೆ ಒಟ್ಟು ಎಷ್ಟು ಹೊತ್ತು ಹಿಡಿಯಿತು" ಅಂತ ಅದೇ ದಾಖಲೆಯೊಳಗೆ 8 ಬೈಟ್ ಬರೆಯುತ್ತಿದ್ದೆ. ಕೊಟ್ಟ ಮೇಲೆ ಬರೆಯುವುದು! ಲೋಡ್ ಕಡಿಮೆ ಇದ್ದಾಗ ಲಾಗರ್ ನಿದ್ದೆಯಿಂದ ಎದ್ದು ಬರುವಷ್ಟರಲ್ಲಿ ನನ್ನ ಬರವಣಿಗೆ ಮುಗಿದಿರುತ್ತಿತ್ತು. ಲೋಡ್ ಜಾಸ್ತಿಯಾದಾಗ ಲಾಗರ್ ಇನ್ನೊಂದು ಕೋರ್‌ನಲ್ಲಿ ಎಚ್ಚರವಾಗೇ ಓದುತ್ತಿರುತ್ತದೆ. ದಾಖಲೆ ಸಿಕ್ಕ ಕೂಡಲೇ ಓದಿ ಫ್ರೀ ಮಾಡಿಬಿಡುತ್ತದೆ. ಆ ಜಾಗ ಅಷ್ಟರಲ್ಲಿ ಫೈಲ್ ಸಿಸ್ಟಮ್ಮಿಗೋ ಯುಎಸ್‌ಬಿಗೋ ಹೋಗಿರುತ್ತದೆ. ನಾನು ಅವರ ಮನೆ ಗೋಡೆ ಮೇಲೆ ನನ್ನ ಲೆಕ್ಕ ಬರೆಯುತ್ತಿದ್ದೆ. ಅದಕ್ಕೇ ಊಪ್ಸ್ ದಿನಕ್ಕೊಂದು ಕಡೆ ಬರುತ್ತಿದ್ದದ್ದು.

ಇದು ಅನುಭವ ಇಲ್ಲದವರ ತಪ್ಪು ಅಂದುಕೊಳ್ಳಬೇಡಿ. ಇದೇ ಜಾತಿಯ ಬಗ್, ಅಂದರೆ ಫ್ರೇಮನ್ನು ಮೇಲಕ್ಕೆ ಕಳಿಸಿದ ಮೇಲೆ ಅದನ್ನೇ ಮುಟ್ಟುವುದು, ಲಿನಕ್ಸ್‌ನ ಮುಖ್ಯ ಕರ್ನಲ್ಲಿನ ಕ್ಯಾನ್ ಕೋಡಿನಲ್ಲೇ ಇತ್ತು. ಪೀಕ್ ಯುಎಸ್‌ಬಿ, ವಿಎಕ್ಸ್‌ಕ್ಯಾನ್ ಡ್ರೈವರ್ ಮುಂತಾದ ಕಡೆ ಅದನ್ನು ಸರಿಮಾಡಿದ್ದು 2021ರ ಜನವರಿಯಲ್ಲಿ. ಮದ್ದು ಅಲ್ಲೂ ಅದೇ, ಸಾಲುಗಳನ್ನು ಮೇಲೆ ಕೆಳಗೆ ಮಾಡಿದ್ದು.

ನನ್ನ ಬಗ್ ಸಿಕ್ಕಿದ್ದು ಸ್ಲಬ್ ಡೀಬಗ್‌ನಿಂದ, ಅಂದರೆ ಮೆಮೊರಿ ತಪ್ಪು ಹಿಡಿಯಲು ಕರ್ನಲ್ಲಿನಲ್ಲೇ ಇರುವ ಸೌಲಭ್ಯದಿಂದ. ಬೂಟ್ ಕಮಾಂಡ್ ಲೈನಿನಲ್ಲಿ ಅದನ್ನು ಎಫ್, ಜೆಡ್, ಪಿ, ಯು ನಾಲ್ಕೂ ಅಕ್ಷರ ಕೊಟ್ಟು ಹಾಕಿದೆ. ನಮ್ಮ ಕರ್ನಲ್ಲಿನಲ್ಲಿ ಆ ಸೌಲಭ್ಯ ಮೊದಲೇ ಇತ್ತು, ಮತ್ತೆ ಕಟ್ಟಬೇಕಾಗಲಿಲ್ಲ. ಫ್ರೀ ಆದ ಮೆಮೊರಿಯಲ್ಲಿ ಅದು 6ಬಿ ಎಂಬ ಬೈಟ್ ತುಂಬಿಸಿಡುತ್ತದೆ. ಆ ಜಾಗವನ್ನು ಮತ್ತೆ ಯಾರಿಗಾದರೂ ಕೊಡುವ ಮುಂಚೆ ಎಲ್ಲಾ ಬೈಟೂ ಹಾಗೇ ಇದೆಯಾ ನೋಡುತ್ತದೆ. ಅರ್ಧ ಗಂಟೆಯಲ್ಲಿ "ಪಾಯಿಸನ್ ಓವರ್‌ರಿಟನ್" ಎಂದು ಬಂತು, ಅಂದರೆ ಬಿಟ್ಟ ಜಾಗದಲ್ಲಿ ಯಾರೋ ಬರೆದಿದ್ದಾರೆ. ಬರೆದವರು ಯಾರು ಅಂತ ಅದು ಹೇಳಲ್ಲ. ಆದರೆ ಆ ತುಣುಕನ್ನು ಕೇಳಿದ್ದು ಯಾರು, ಬಿಟ್ಟಿದ್ದು ಯಾರು, ಎರಡೂ ಹೇಳುತ್ತದೆ. ಎರಡೂ ಕಡೆ ನನ್ನದೇ ಫಂಕ್ಷನ್ ಹೆಸರು. ಒಂದು ಸಾಲನ್ನು ಎರಡು ಸಾಲು ಮೇಲಕ್ಕೆ ಎತ್ತಿದೆ, ಪ್ರಿಂಟ್ ತೆಗೆದೆ, 30 ಪೆಟ್ಟಿಗೆಗೂ ಊರೂರು ಸುತ್ತಿ ಹೊಸ ಇಮೇಜ್ ಹಾಕಿ ಬಂದೆ.

ಈಗ ನಿಮ್ಮ ಪ್ರಶ್ನೆ. ಎಂಸಿಪಿ2518ಎಫ್‌ಡಿ ಹಾಕಲಾ ಎಂದು ಕೇಳಿದ್ದೀರಿ. ಒಳ್ಳೆ ಚಿಪ್ಪೇ. ಒಳಗೆ 2 ಕೆಬಿ ಮೆಮೊರಿ ಇದೆ, 5.10ರಿಂದ ಮುಖ್ಯ ಕರ್ನಲ್ಲಿನಲ್ಲೇ ಡ್ರೈವರ್ ಇದೆ. ಫ್ರೇಮ್ ಕಳೆಯುತ್ತಿದ್ದರೆ ಹಾಕಿ. ಕ್ರ್ಯಾಶ್‌ಗಾಗಿ ಈಗಲೇ ಹಾಕಿದರೆ ಟೈಮಿಂಗ್ ಬದಲಾಗಿ ಬಗ್ ಅಡಗಿ ಕೂರಬಹುದು, ಆಗ ಅದು ನನ್ನ ಪ್ರಿಂಟ್ ಸಾಲಿನ ದುಬಾರಿ ರೂಪ ಆಗುತ್ತದೆ ಅಷ್ಟೇ. ಕರ್ನಲ್ ಬದಲಿಸಿದರೂ ಅದೇ ಕಥೆ, ನಿಮ್ಮ ಡ್ರೈವರ್ ಜೊತೆಗೇ ಬರುತ್ತದಲ್ವಾ. ಒಂದೇ ಒಂದು ಕಾರಣಕ್ಕೆ ಹೊಸದು ಹಾಕಬಹುದು, ಕೆಸ್ಯಾನ್ ಎಂಬ ಮೆಮೊರಿ ತಪಾಸಣೆ ಸೌಲಭ್ಯಕ್ಕಾಗಿ. ಅದು ತಪ್ಪು ಬರೆಯುವ ಕ್ಷಣದಲ್ಲೇ ಕೈ ಹಿಡಿಯುತ್ತದೆ. 64 ಬಿಟ್ ಆರ್ಮ್‌ನಲ್ಲಿ ಬಹಳ ಹಿಂದಿನಿಂದ ಇದೆ, 32 ಬಿಟ್ ಆರ್ಮ್‌ಗೆ ಬಂದದ್ದು 5.11ರಲ್ಲಿ.

ಲೋಡ್ ಇಳಿಸಿ ಅಂತ ಯಾರೋ ಸಲಹೆ ಕೊಟ್ಟಿದ್ದಾರಂತೆ. ಬೇಡ. ಏರಿಸಿ. ಇನ್ನೊಂದು ಪೈನಿಂದ ಕ್ಯಾನ್‌ಜೆನ್ (ಪರೀಕ್ಷೆಗೆ ಫ್ರೇಮ್ ಕಳಿಸುವ ಪ್ರೋಗ್ರಾಮ್) ಹಚ್ಚಿ ಬಸ್ ತುಂಬಿಸಿ, ಹತ್ತು ನಿಮಿಷಕ್ಕೆ ಬೀಳುವುದು ಒಂದು ನಿಮಿಷಕ್ಕೆ ಬೀಳಲಿ. ಕನ್ಸೋಲನ್ನು ಸೀರಿಯಲ್ ಕೇಬಲ್ಲಿನಲ್ಲಿ ಇನ್ನೊಂದು ಯಂತ್ರಕ್ಕೆ ಹಿಡಿದಿಡಿ. ಒಂದರ ಹಿಂದೆ ಒಂದು ಊಪ್ಸ್ ಬಂದರೆ ಕೊನೆಯದು ಬೇಡ, ಮೊದಲನೆಯದು ಬೇಕು. ಸ್ಲಬ್ ಡೀಬಗ್ ಹಾಕಿ ಬಂದ ಆ ಮೊದಲ ವರದಿಯನ್ನು, ನಿಮ್ಮ ಡ್ರೈವರ್‌ನ ರಿಸೀವ್ ಫಂಕ್ಷನ್ನಿನ ಜೊತೆ ಇಲ್ಲೇ ಹಾಕಿ, ನೋಡೋಣ.