ಮಳೆ ಬಂತು ಅಂತ ಫ್ರೀಸಿಯಾ ನೆಡಬೇಡಿ

ಪ್ರಶ್ನೆ: ಗೆಡ್ಡೆ ಗಿಡಗಳಿಗೆ ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಹುಳಿ ಮಜ್ಜಿಗೆ ಹಾಕಿದರೆ ಹೂ ಜಾಸ್ತಿ ಬಿಡುತ್ತವಂತೆ, ಹೌದಾ?

ಇಲ್ಲ. ಇರುವೆ ಮತ್ತು ಬೂಷ್ಟು ಬರುತ್ತವೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಫ್ರೀಸಿಯಾ, ಸ್ಪರಾಕ್ಸಿಸ್ ಹೂವಿನ ಗೆಡ್ಡೆ ತರಿಸಿದ್ದೆ. ದಕ್ಷಿಣ ಆಫ್ರಿಕಾದಲ್ಲಿ ಅವು ಜೂನ್‌ನಲ್ಲಿ ಬೆಳೆಯುತ್ತವೆ ಅಂತ ಓದಿ, ಇಲ್ಲೂ ಜೂನ್ ಮಳೆಗೇ ನೆಟ್ಟೆ. ಕೋಕೋಪೀಟ್, ಸಗಣಿ ಗೊಬ್ಬರ ಧಾರಾಳವಾಗಿ ಹಾಕಿದ್ದೆ. ಒಂದೂ ಮೊಳೆಯಲಿಲ್ಲ. ಯಾವ ಔಷಧಿ ಹೊಡೆಯಲಿ? (ಬೆಂಗಳೂರು)

ಔಷಧಿ ಬೇಡ. ಮೊದಲು ಕುಂಡ ಬಗ್ಗಿಸಿ ಒಂದು ಗೆಡ್ಡೆ ಕೈಗೆ ತಗೊಳ್ಳಿ. ಹೆಬ್ಬೆರಳಲ್ಲಿ ಒತ್ತಿದರೆ ಒಳ್ಳೆಯ ಗೆಡ್ಡೆ ಹೊಸ ಬೆಳ್ಳುಳ್ಳಿ ಎಸಳಿನ ಹಾಗೆ ಗಟ್ಟಿಯಾಗಿರುತ್ತದೆ. ನಿಮ್ಮದು ಕುಸಿಯುತ್ತದೆ. ನಾರಿನ ಸಿಪ್ಪೆ ಕಳಚಿಕೊಂಡು ಬರುತ್ತದೆ, ಒಳಗೆಲ್ಲ ಕಂದು ಲೋಳೆ, ಕೆಟ್ಟ ವಾಸನೆ. ಕೊಳೆತದ್ದನ್ನು ಯಾವ ಔಷಧಿಯೂ ಬದುಕಿಸುವುದಿಲ್ಲ.

ಪ್ರತಿ ಮಳೆಗಾಲದಲ್ಲೂ ಈ ಪ್ರಶ್ನೆ ಬರುತ್ತದೆ. ನನ್ನ ಸಿಟ್ಟು ನಿಮ್ಮ ಮೇಲಲ್ಲ. ‘ಸುಲಭವಾಗಿ ಬೆಳೆಯಿರಿ, ವರ್ಷವಿಡೀ ನೆಡಬಹುದು’ ಎಂದು ಬರೆದು ಮಾರುತ್ತಾರಲ್ಲ, ಅವರ ಮೇಲೆ.

ದಕ್ಷಿಣ ಆಫ್ರಿಕಾದಲ್ಲಿ ಮಳೆ ಎಲ್ಲ ಕಡೆ ಒಂದೇ ಕಾಲಕ್ಕೆ ಬರುವುದಿಲ್ಲ. ಪಶ್ಚಿಮದಲ್ಲಿ, ಕೇಪ್‌ಟೌನ್ ಸುತ್ತಮುತ್ತ, ಮೇ ತಿಂಗಳಿಂದ ಆಗಸ್ಟ್‌ವರೆಗೆ ಮಳೆ. ಅದೇ ಅವರ ಚಳಿಗಾಲ. ಬೇಸಿಗೆಯಲ್ಲಿ ನೆಲ ಒಣಗಿ ಬಿರುಕು ಬಿಡುತ್ತದೆ. ಫ್ರೀಸಿಯಾ, ಸ್ಪರಾಕ್ಸಿಸ್, ಇಕ್ಸಿಯಾ, ಬಾಬಿಯಾನಾ, ಲಾಕನೇಲಿಯಾ ಎಲ್ಲ ಹೆಚ್ಚಾಗಿ ಆ ಕಡೆಯವು. ತಂಪಿದ್ದಾಗ ಬೆಳೆದು, ಬಿಸಿಲು ಏರುತ್ತಿದ್ದಂತೆ ಎಲೆ ಒಣಗಿಸಿಕೊಂಡು ನೆಲದೊಳಗೆ ಮಲಗುತ್ತವೆ. ಹಾಗೆ ಮಲಗಿರುವಾಗ ಬೆಚ್ಚಗಿನ ಒದ್ದೆ ಮಣ್ಣು ತಾಗಿದರೆ ಮುಗಿಯಿತು. ನಮ್ಮ ಮುಂಗಾರು ಕೊಡುವುದು ಅದನ್ನೇ ಅಲ್ವಾ?

ಗೆಡ್ಡೆಗೆ ಕ್ಯಾಲೆಂಡರ್ ಗೊತ್ತಿಲ್ಲ. ಅಲ್ಲಿನ ಜೂನ್ ಇಲ್ಲಿನ ಜೂನ್ ಅಲ್ಲ. ಅದು ನೋಡುವುದು ತಂಪನ್ನು, ತೇವವನ್ನು. ಅದಕ್ಕೇ ಇಲ್ಲಿ ಅಕ್ಟೋಬರ್ ಕೊನೆಯಲ್ಲಿ, ಮಳೆಯ ಜೋರು ಇಳಿದ ಮೇಲೆ ನೆಡಿ.

ಮಣ್ಣಿನ ಕುಂಡ ತಗೊಳ್ಳಿ. ಅರ್ಧದಷ್ಟು ತೊಳೆದ ದಪ್ಪ ಮರಳು, ಉಳಿದದ್ದು ಕೆಂಪು ಮಣ್ಣು, ಒಂದು ಹಿಡಿ ಚೆನ್ನಾಗಿ ಕಳಿತ ಗೊಬ್ಬರ. ಎಂ-ಸ್ಯಾಂಡ್ ಹಾಕುವುದಾದರೆ ಅದರ ಪುಡಿ ಪೂರ್ತಿ ಹೋಗುವಂತೆ ತೊಳೆಯಿರಿ, ಇಲ್ಲದಿದ್ದರೆ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಕೋಕೋಪೀಟ್ ಬೇಡವೇ ಬೇಡ. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದಿರುತ್ತದೆ. ಎರಡು ಇಂಚು ಆಳಕ್ಕೆ ನೆಟ್ಟು ಒಮ್ಮೆ ನೀರು ಕೊಡಿ. ಮೊಳಕೆ ಕಾಣುವವರೆಗೆ ಮಣ್ಣು ಪೂರ್ತಿ ಒಣಗದಿದ್ದರೆ ಸಾಕು, ದಿನಾ ಸುರಿಯಬೇಡಿ. ಆಮೇಲೆ ಪೊಟ್ಯಾಷ್ ಸ್ವಲ್ಪ ಕೊಡಬಹುದು, ಯೂರಿಯಾ ಬೇಡ. ಹೂ ಮುಗಿದ ಮೇಲೆ ಹಸಿರು ಎಲೆ ಕತ್ತರಿಸಬೇಡಿ, ಮುಂದಿನ ವರ್ಷದ ಗೆಡ್ಡೆಯನ್ನು ಕಟ್ಟುವುದು ಆ ಎಲೆಗಳೇ. ಅವು ತಾವಾಗಿ ಹಳದಿಯಾದಾಗ ನೀರು ನಿಲ್ಲಿಸಿ, ಕುಂಡವನ್ನು ಸೂರಿನಡಿ ಇಟ್ಟು ಅಕ್ಟೋಬರ್‌ವರೆಗೆ ಮರೆತುಬಿಡಿ. ಜುಲೈನಲ್ಲಿ ‘ಪಾಪ, ಒಣಗಿದೆ’ ಅಂತ ಒಂದು ಚೊಂಬು ನೀರು ಹಾಕುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೆ ಮೊದಲೇ ಹೇಳಿಡಿ.

ಇಷ್ಟೆಲ್ಲ ಮಾಡಿದರೂ ಬೆಂಗಳೂರಿನಲ್ಲಿ ಫ್ರೀಸಿಯಾ ಹೂ ಖಾತ್ರಿ ಇಲ್ಲ. ಮೊಗ್ಗು ಕಟ್ಟಲು ಅದಕ್ಕೆ ಕೆಲವು ವಾರ 15 ಡಿಗ್ರಿ ಆಸುಪಾಸಿನ ತಂಪು ಬೇಕು. ನಮ್ಮ ಡಿಸೆಂಬರ್, ಜನವರಿಯ ರಾತ್ರಿಗಳು ಅಲ್ಲಿಗೆ ಮುಟ್ಟುತ್ತವೆ, ಹಗಲು ಮುಟ್ಟುವುದಿಲ್ಲ. ಮಡಿಕೇರಿ, ಊಟಿಯವರು ಧೈರ್ಯವಾಗಿ ನೆಡಿ. ಮಂಗಳೂರು, ಕಲಬುರಗಿಯವರು ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ.

ನನ್ನ ಕೇಳಿದರೆ, ಮೊದಲು ಆ ದೇಶದ ಪೂರ್ವದ ಗಿಡಗಳನ್ನು ತನ್ನಿ. ಕ್ವಾಜುಲು-ನಟಾಲ್, ಡ್ರೇಕನ್ಸ್‌ಬರ್ಗ್ ಕಡೆ ಮಳೆ ಬರುವುದು ಬೇಸಿಗೆಯಲ್ಲಿ, ನಮ್ಮಲ್ಲಿಯ ಹಾಗೆ ಬಿಸಿಯ ಕಾಲಕ್ಕೇ. ಯೂಕೋಮಿಸ್, ಅಗಪ್ಯಾಂಥಸ್, ಬೆಳ್ಳುಳ್ಳಿ ವಾಸನೆಯ ಟುಲ್ಬಾಗಿಯಾ ನಮ್ಮ ಮಳೆಯನ್ನು ತಾಳುತ್ತವೆ, ನೀರು ನಿಲ್ಲಬಾರದು ಅಷ್ಟೇ. ತೋಟದ ಗ್ಲಾಡಿಯೋಲಸ್‌ನ ಮೂಲದಲ್ಲೂ ಆ ಕಡೆಯ ಕಾಡು ಜಾತಿ ಇದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಗ್ಲಾಡಿಯೋಲಸ್‌ನಲ್ಲಿ ತನ್ನದೇ ತಳಿಗಳನ್ನು ಬಿಡುಗಡೆ ಮಾಡಿದೆ. ಅವನ್ನು ಬಿಟ್ಟು ಬಣ್ಣದ ಪೊಟ್ಟಣಕ್ಕೆ ಯಾಕೆ ಮರುಳಾಗುತ್ತೀರಿ? ಬೇಸಿಗೆ ಮಳೆ ಬಿದ್ದೊಡನೆ ಅಜ್ಜಿ ಮನೆ ಅಂಗಳದಲ್ಲಿ ಕೆಂಪು ಚೆಂಡು ಅರಳಿಸುವ ಫುಟ್‌ಬಾಲ್ ಲಿಲಿ ಕೂಡ ಆಫ್ರಿಕಾದ್ದೇ. ಅದನ್ನು ಯಾರೂ ಆರೈಕೆ ಮಾಡುವುದಿಲ್ಲ, ಆದರೂ ಅರಳುತ್ತದೆ.

ಪ್ರಶ್ನೆ: ಕುಂಡದ ಮೇಲೆ ಹುಲ್ಲು ಸುಟ್ಟರೆ ಹೂ ಬರುತ್ತದೆ ಅಂತ ವಿಡಿಯೋ ನೋಡಿದೆ.

ಕೇಪ್‌ನ ಕುರುಚಲು ಕಾಡಿಗೆ ಬೆಂಕಿ ಬಿದ್ದ ಕೆಲವೇ ವಾರಗಳಲ್ಲಿ ಅರಳುವ ಸಿರ್ಟಾಂಥಸ್ ಎಂಬ ಗೆಡ್ಡೆ ಗಿಡದ ಜಾತಿಯೊಂದಿದೆ, ಅದು ನಿಜ. ಆ ಗಿಡ ನಿಮ್ಮ ಬಾಲ್ಕನಿಯಲ್ಲಿಲ್ಲ. ಬೆಂಕಿ ಹಚ್ಚಬೇಡಿ.

ಪ್ರಶ್ನೆ: ನೀಲಿ ಹೂ ಬಿಡುವ ಕ್ಲೈವಿಯಾ ಗಿಡದ ಬೀಜದ ಪೊಟ್ಟಣ ಸಿಗುತ್ತಿದೆ, ಕೊಳ್ಳಬಹುದಾ?

ನೀಲಿ ಕ್ಲೈವಿಯಾ ಇಲ್ಲವೇ ಇಲ್ಲ. ಕ್ಲೈವಿಯಾ ಬೀಜ ಬಟಾಣಿಗಿಂತ ದಪ್ಪ, ರಸ ತುಂಬಿರುತ್ತದೆ. ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು, ಒಣಗಿದರೆ ಸತ್ತಂತೆ. ಪೊಟ್ಟಣದಲ್ಲಿರುವುದು ಬೇರೇನೋ.

ಪ್ರಶ್ನೆ: ಅಗಪ್ಯಾಂಥಸ್ ಬರೀ ಎಲೆ ಬಿಡುತ್ತದೆ.

ಬಿಸಿಲಿಗೆ ಇಡಿ.

ಪ್ರಶ್ನೆ: ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಅಕ್ಕ ಅವಳ ಹಿತ್ತಲಲ್ಲಿ ತಾನಾಗಿ ಹಬ್ಬಿರುವ ಫ್ರೀಸಿಯಾ ಗೆಡ್ಡೆಗಳನ್ನು ಸೂಟ್‌ಕೇಸ್‌ನಲ್ಲಿ ತರುತ್ತಾಳಂತೆ. ತರಬಹುದಾ?

ಬೇಡ. ಅಲ್ಲೂ ಮಳೆ ಚಳಿಗಾಲದಲ್ಲೇ, ಅದಕ್ಕೇ ಫ್ರೀಸಿಯಾ, ವಾಟ್ಸೋನಿಯಾ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಳೆಯಾಗಿ ಕಾಡಿಗೂ ನುಗ್ಗಿವೆ. ಹೊರದೇಶದಿಂದ ಗೆಡ್ಡೆ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಅಲ್ಲಿನ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಗೆಡ್ಡೆಗೆ ಅಂಟಿದ ಚೂರು ಮಣ್ಣಿನಲ್ಲಿ ಜಂತುಹುಳು, ಬೂಷ್ಟು ರೋಗ ಎಲ್ಲ ಬರುತ್ತವೆ. ಫ್ರೀಸಿಯಾ ಕುಟುಂಬದ್ದೇ ಆದ ಗ್ಲಾಡಿಯೋಲಸ್ ಬೆಳೆದು ಬದುಕುವ ರೈತರು ನಮ್ಮಲ್ಲಿದ್ದಾರೆ, ಅವರ ಬೆಳೆಗೆ ಅವು ತಗುಲಬಾರದು. ಅಕ್ಕನಿಗೆ ಫೋಟೋ ಕಳಿಸಲು ಹೇಳಿ.