ಬೇಕಲ ಕೋಟೆ ಕಟ್ಟಿಸಿದ್ದು ಯಾರು?

ಪ್ರಶ್ನೆ: ಮೊನ್ನೆ ಮಕ್ಕಳ ಜೊತೆ ಬೇಕಲ ಕೋಟೆ ನೋಡಿ ಬಂದೆವು. ಅಲ್ಲಿ ಸಿಕ್ಕವರೊಬ್ಬರು ಇದು ಟಿಪ್ಪು ಕಟ್ಟಿಸಿದ್ದು ಅಂದರು. ಊರಿಗೆ ಬಂದ ಮೇಲೆ ಇನ್ನೊಬ್ಬರು ಇಕ್ಕೇರಿಯವರದ್ದು ಅಂದರು. ಯಾವುದು ಸರಿ? ಅಷ್ಟು ದೊಡ್ಡ ಕೋಟೆಯಲ್ಲಿ ಒಂದು ಅರಮನೆಯೂ ಕಾಣಲಿಲ್ಲವಲ್ಲ, ಯಾಕೆ?
– ಓದುಗರೊಬ್ಬರು, ಪುತ್ತೂರು

ಉತ್ತರ: ಎರಡನೆಯವರು ಹೇಳಿದ್ದೇ ಸರಿ. ನೀವು ನೋಡಿದ ಕೋಟೆ ಕೆಳದಿಯ ಶಿವಪ್ಪ ನಾಯಕ 1650ರ ಆಸುಪಾಸಿನಲ್ಲಿ ಕಟ್ಟಿಸಿದ್ದು; ಕೆಳದಿಯ ಈ ನಾಯಕರನ್ನೇ ಇಕ್ಕೇರಿಯವರು ಅನ್ನುವುದು. ಅದಕ್ಕೂ ಮೊದಲು ಕೋಲತ್ತಿರಿ ಅರಸರ ಕಾಲದಲ್ಲೇ ಅಲ್ಲೊಂದು ಕೋಟೆ ಇತ್ತು ಅನ್ನುವವರೂ ಇದ್ದಾರೆ. ಮಲೆನಾಡಿನ ಬಿದನೂರಿನಲ್ಲಿ ಕೂತ ದೊರೆಗೆ ಅಷ್ಟು ದೂರದಲ್ಲಿ ಕೋಟೆ ಯಾಕೆ ಬೇಕಿತ್ತು ಅಂದರೆ, ಘಟ್ಟದ ಮೆಣಸು, ಬಯಲಿನ ಅಕ್ಕಿ ಎಲ್ಲ ಹಡಗು ಹತ್ತುತ್ತಿದ್ದದ್ದು ಕರಾವಳಿಯಲ್ಲೇ, ಮತ್ತು ಆ ವ್ಯಾಪಾರದ ಮೇಲೆ ಪೋರ್ಚುಗೀಸರ ಕಣ್ಣೂ ಇತ್ತು. ಶಾಲೆಯಲ್ಲಿ ಶಿವಪ್ಪ ನಾಯಕನ ಸಿಸ್ತು, ಅಂದರೆ ಅವನ ಕಂದಾಯ ಪದ್ಧತಿಯ ಬಗ್ಗೆ ಓದುತ್ತೇವೆ, ಈ ಕೋಟೆಯ ಬಗ್ಗೆ ಒಂದು ಸಾಲೂ ಇರಲ್ಲ. ನನಗಂತೂ ಇದು ಬೇಸರದ ವಿಷಯ.

ಟಿಪ್ಪು ಹೆಸರು ಸುಮ್ನೆ ಬಂದದ್ದಲ್ಲ. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿತು, ಜೊತೆಗೆ ಬೇಕಲವೂ ಹೋಯಿತು. ಆಮೇಲೆ ಮಲಬಾರಿನ ಕಡೆ ದಂಡೆತ್ತಿ ಹೋಗುವಾಗ ಟಿಪ್ಪುವಿಗೆ ಇದು ಮುಖ್ಯ ಠಾಣೆ. ಇಳಿಜಾರು ದಾರಿಯಲ್ಲಿ ಹತ್ತಿ ಹೋಗುವ ಆ ದೊಡ್ಡ ಕಾವಲು ಬುರುಜು ಅವನ ಕಾಲದ್ದು ಅನ್ನುತ್ತಾರೆ.

ಇನ್ನು ಅರಮನೆ. ಪುರಾತತ್ವ ಇಲಾಖೆಯವರು ಒಳಗೆ ಅಗೆದಾಗ ನಾಯಕರ ಕಾಲದ ಕಟ್ಟಡಗಳ ಅಡಿಪಾಯ ಸಿಕ್ಕಿದೆ. ಆದರೆ ಇವತ್ತು ನಿಂತಿರುವುದೆಲ್ಲ ಯುದ್ಧದ ಕೆಲಸಕ್ಕೆ ಬೇಕಾದದ್ದೇ: ಮದ್ದಿನಮನೆ, ಮೆಟ್ಟಿಲಿರುವ ಕೆರೆ, ಬುರುಜುಗಳು. ಸುಮಾರು 40 ಎಕರೆಯ ಕೋಟೆ, ಪೂರ್ತಿ ಕೆಂಪು ಮುರಕಲ್ಲಿನದು. ಮುಂದಿನ ಸಲ ಹೋದಾಗ ಗೋಡೆಯ ಕಿಂಡಿಗಳನ್ನು ನಿಂತು ನೋಡಿ. ಮೇಲಿನ ಕಿಂಡಿಯಲ್ಲಿ ಕಣ್ಣಿಟ್ಟರೆ ದೂರದ ಗುರಿ ಕಾಣುತ್ತದೆ, ಅದರ ಕೆಳಗಿನದರಲ್ಲಿ ಇನ್ನೂ ಹತ್ತಿರದ್ದು, ತೀರಾ ಕೆಳಗಿನದು ಗೋಡೆಯ ಬುಡಕ್ಕೇ ಬಂದ ಶತ್ರುವಿಗೆ. ಬಗ್ಗಿ ಒಂದೊಂದರಲ್ಲೂ ನೋಡಲು ಮಕ್ಕಳಿಗೆ ಹೇಳಿ, ಪುಸ್ತಕಕ್ಕಿಂತ ಜಾಸ್ತಿ ಅರ್ಥವಾಗುತ್ತದೆ. ಬಾಗಿಲ ದಾರಿ ನೇರವಾಗಿಲ್ಲ, ಸುತ್ತಿ ಬಳಸಿ ಹೋಗುತ್ತದೆ ಅಲ್ವಾ? ಅದೂ ನುಗ್ಗಿ ಬರುವವರನ್ನು ತಡೆಯಲಿಕ್ಕೇ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೋಟೆ ಕಂಪನಿ ಸರ್ಕಾರಕ್ಕೆ ಹೋಯಿತು. ಕೆಲಕಾಲ ಬೇಕಲ ಒಂದು ತಾಲೂಕೇ ಆಗಿತ್ತು, ಆಮೇಲೆ ಆ ಪಟ್ಟ ಕಾಸರಗೋಡಿಗೆ ಹೋಯಿತು. 1956ರಲ್ಲಿ ಕಾಸರಗೋಡಿನ ಜೊತೆ ಇದೂ ಕೇರಳಕ್ಕೆ ಸೇರಿತು. ಈಗ ಇದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು.

ಇನ್ನೊಮ್ಮೆ ಆ ಕಡೆ ಹೋದರೆ ಕಾಸರಗೋಡಿನ ಹತ್ತಿರದ ಚಂದ್ರಗಿರಿ ಕೋಟೆಯನ್ನೂ ಕಾಞಂಗಾಡಿನ ಹೊಸದುರ್ಗವನ್ನೂ ಬಿಡಬೇಡಿ. ಎರಡೂ ಇಕ್ಕೇರಿಯವರದ್ದೇ.