ಹಾವಿನ ಪದ್ಯಕ್ಕೆ ವಾಪಸ್ ಬನ್ನಿ

ನಮಸ್ಕಾರ.

ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ಕುರಿತ ‘ಎ ಕ್ವೈಟ್ ಪ್ಯಾಶನ್’ ಸಿನಿಮಾದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಜೊತೆಗಿದ್ದ ಚೀಟಿಯನ್ನೂ ಓದಿದೆ: ‘ದಯವಿಟ್ಟು ಒಂದಕ್ಷರವನ್ನೂ ಬದಲಿಸಬೇಡಿ.’ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಲೇಖನ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಒಂದೂವರೆ ಪುಟ ಪೂರ್ತಿ ಯಲಚೇನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಹೋಗುವ ಮೆಟ್ರೋದಲ್ಲಿ ನಿಂತು ಮೊಬೈಲ್‌ನಲ್ಲಿ ಸಿನಿಮಾ ನೋಡಿದ ಕಥೆ. (ಎರಡು ಗಂಟೆಗೂ ಜಾಸ್ತಿಯ ಸಿನಿಮಾ. ಎಷ್ಟು ಸಲ ಹೋಗಿಬಂದಿರೋ!) ಅದು ಬೇಡ. ಆಮೇಲೆ ‘ಪ್ರಕಾಶಕರು ಆಕೆಯನ್ನು ತುಳಿದರು’ ಎಂದು ಐದು ಸಲ ಬರೆದಿದ್ದೀರಿ. ಯಾರು, ಏನು ಮಾಡಿ ತುಳಿದರು? ಸಿನಿಮಾದಲ್ಲಿ ಆಕೆ ಪತ್ರಿಕಾ ಸಂಪಾದಕನ ಜೊತೆ ವಾದಕ್ಕಿಳಿಯುವುದು ಪದ್ಯದ ವಿರಾಮ ಚಿಹ್ನೆಗಳ ವಿಷಯಕ್ಕೆ. ಅದಕ್ಕೆ ನೀವು ಕೊಟ್ಟಿದ್ದು ಒಂದೇ ಸಾಲು. ಅಯ್ಯೋ, ಲೇಖನ ಇರುವುದೇ ಅಲ್ಲಿ!

1866ರಲ್ಲಿ ‘ಸ್ಪ್ರಿಂಗ್‌ಫೀಲ್ಡ್ ರಿಪಬ್ಲಿಕನ್’ ಪತ್ರಿಕೆ ಆಕೆಯ ಹಾವಿನ ಪದ್ಯವನ್ನು ಹೆಸರು ಹಾಕದೆ ಅಚ್ಚು ಮಾಡಿತು. ತಲೆಬರಹ ತಾನೇ ಕೊಟ್ಟಿತು. ಮೂರನೇ ಸಾಲಿನ ಕೊನೆಗೊಂದು ವಿರಾಮ ಚಿಹ್ನೆ ಹಾಕಿತು. ಮೂರನೆಯದೂ ನಾಲ್ಕನೆಯದೂ ಒಂದೇ ಸಾಲಾಗಿತ್ತು ಎಂದು ಆಕೆ ಲೇಖಕ ಹಿಗಿನ್ಸನ್‌ಗೆ ಪತ್ರ ಬರೆದು ದೂರಿದಳು. ಯಾಕೆ ಅಷ್ಟು ಸಿಟ್ಟು? ಸಾಲು ನಿಲ್ಲದೆ ಓಡಿದರೆ ಅರ್ಥ, ‘ನೀವು ಕಂಡಿಲ್ಲದಿದ್ದರೆ, ತಟ್ಟನೆ ಎದುರಾಗುತ್ತಾನೆ’ (ಪದ್ಯದಲ್ಲಿ ‘ಅವನು’ ಅಂದರೆ ಹಾವು). ಅಲ್ಲೇ ನಿಂತರೆ ‘ಕಂಡಿದ್ದೀರಿ ಅಲ್ವಾ?’ ಅಂತಾಗಿಬಿಡುತ್ತದೆ. ಹಾವು ಸರಕ್ಕನೆ ಕಾಲಬುಡಕ್ಕೆ ಬರಬೇಕಾದ ಕಡೆ ಸುಮ್ನೆ ಕುಶಲ ವಿಚಾರಿಸಿದ ಹಾಗೆ. ಇದನ್ನು ಬಿಡಿಸಿ ಬರೆಯಿರಿ.

ಮೊದಲ ಪುಸ್ತಕ ಬಂದದ್ದನ್ನು ‘ಆಕೆ ಗೆದ್ದ ದಿನ’ ಎಂದಿದ್ದೀರಿ. ಆಕೆ ತೀರಿಕೊಂಡದ್ದು 1886ರಲ್ಲಿ, ಪುಸ್ತಕ ಬಂದದ್ದು 1890ರಲ್ಲಿ. ಅದರಲ್ಲೂ ಆಕೆಯ ಅಡ್ಡಗೆರೆಗಳನ್ನು ತೆಗೆದು, ಪ್ರಾಸ ತಿದ್ದಿ, ಶೀರ್ಷಿಕೆ ಅಂಟಿಸಿದ್ದರು. ಇಬ್ಬರು ಸಂಪಾದಕರಲ್ಲಿ ಒಬ್ಬ, ಆ ದೂರು ಓದಿದ್ದ ಅದೇ ಹಿಗಿನ್ಸನ್! ಬಹುಮಟ್ಟಿಗೆ ಆಕೆ ಬರೆದ ಹಾಗೇ ಎಲ್ಲ ಪದ್ಯಗಳೂ ಓದುಗರ ಕೈಗೆ ಬಂದಿದ್ದು 1955ರಲ್ಲಿ.

ನಾನೂ ಒಮ್ಮೆ ಒಬ್ಬರ ಪದ್ಯಕ್ಕೆ ಅಲ್ಪವಿರಾಮ ಸೇರಿಸಿ ಬೈಸಿಕೊಂಡಿದ್ದೇನೆ. ಅದು ಯಾಕೆ ಬೇಡ ಅಂತ ಅವರು ಫೋನಿನಲ್ಲೇ ಸಾಲು ಓದಿ ತೋರಿಸಿದರು. ತೆಗೆದೆ. ನೀವೂ ಅವರ ಹಾಗೇ ಮಾಡಿ. ಎಂಟುನೂರು ಪದಕ್ಕೆ ಇಳಿಸಿ, ಮುಟ್ಟಬಾರದ ಸಾಲಿನ ಪಕ್ಕ ಕಾರಣ ಬರೆದು ಕಳಿಸಿ. ಇಲ್ಲವೇ ಗಾಂಧಿ ಬಜಾರಿನ ಕಡೆ ಬನ್ನಿ, ಕಾಫಿ ಕುಡಿಯುತ್ತಾ ಜಗಳ ಆಡೋಣ.